ಹುಂಜದ ಟಿಕೆಟ್ಟು ಮತ್ತು ಪೆನ್‌ಡ್ರೈವಿನ ಕಳ್ಳ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವಾಗಿ ಕಂಡುಹಿಡಿದು ನಗುವುದು ಬೇಡ. ನನ್ನ ಹಾಡನ್ನು ಕಳ್ಳನ ಕೈಗೆ ಇಟ್ಟವನು ನಾನೇ. ಅದೂ ಸುಮ್ಮನೆ ಇಡಲಿಲ್ಲ, ‘ಅಣ್ಣಾ, ಬಸ್ಸಿಗೆ ಹೊತ್ತಾಯ್ತು, ಸ್ವಲ್ಪ ಬೇಗ’ ಎಂದು ಅವಸರ ಮಾಡಿ ಇಟ್ಟೆ. ಕನ್ನ ಹಾಕಲು ಬಂದವನಿಗೆ ಏಣಿ ಹಿಡಿದು, ಕೆಳಗಿಳಿದ ಮೇಲೆ ಕಾಫಿ ಕೊಟ್ಟು ಕಳಿಸಿದ ಹಾಗೆ.

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಎದುರು ಸಾಲಿನಲ್ಲಿ ಆ ಮೊಬೈಲ್ ಅಂಗಡಿ. ಕವರು, ಚಾರ್ಜರು, ಪರದೆಗೆ ಗಾಜು ಅಂಟಿಸುವುದು ಬೋರ್ಡಿನ ಮೇಲಿದ್ದ ಕೆಲಸ. ಪೆನ್‌ಡ್ರೈವಿಗೆ ಹಾಡು ತುಂಬುವುದು ಬೋರ್ಡಿನ ಮೇಲಿಲ್ಲದ ಕೆಲಸ. ಈ ಕಾಲದಲ್ಲಿ ಅದು ಯಾರಿಗೆ ಬೇಕು ಎನ್ನಬೇಡಿ. ಟ್ರ್ಯಾಕ್ಟರಿಗೆ ಬೇಕು, ಗೂಡ್ಸ್ ಆಟೊಗೆ ಬೇಕು, ಅರಕಲಗೂಡಿನ ಕಡೆ ಓಡುವ ಮಿನಿ ಬಸ್ಸಿಗೆ ಅದಿಲ್ಲದೆ ಗೇರೇ ಬೀಳುವುದಿಲ್ಲ. ಹೊಲದ ಹತ್ತಿರ ಸಿಗ್ನಲ್ ಸಿಗದಿದ್ದರೆ ಮೊಬೈಲು ಮೂಕ. ಪೆನ್‌ಡ್ರೈವು ಯಾವ ಟವರಿಗೂ ಸಲಾಮು ಹೊಡೆಯುವುದಿಲ್ಲ.

ಅಂಗಡಿಯಣ್ಣನ ಕಸುಬಿನಲ್ಲಿ ಒಂದು ಪದ್ಧತಿಯಿತ್ತು. ನೀವು ಪೆನ್‌ಡ್ರೈವ್ ಕೊಟ್ಟಿರಾ, ಮೊದಲು ಅದರಲ್ಲಿರುವುದನ್ನೆಲ್ಲ ಬಾಚಿ ತನ್ನ ಕಂಪ್ಯೂಟರಿಗೆ ಹಾಕಿಕೊಳ್ಳುತ್ತಿದ್ದ. ಆಮೇಲೆ ಅವನದು ನಿಮಗೆ, ತುಂಬಿಕೊಟ್ಟದ್ದಕ್ಕೆ ಒಂದಿಷ್ಟು ಕಾಸು. ಹೀಗೆ ಹಾಸನದವನ ಹಾಡು ಹಿರೀಸಾವೆಯವನಿಗೆ, ಹಿರೀಸಾವೆಯವನದು ಶ್ರವಣಬೆಳಗೊಳದವನಿಗೆ. ಯಾರೂ ಬೇಡ ಅಂದವರಿಲ್ಲ, ಏಕೆಂದರೆ ಯಾರದ್ದೂ ಸ್ವಂತದ್ದಲ್ಲ. ನಾನೂ ಅಲ್ಲಿನ ಹಳೇ ಗಿರಾಕಿ. ಆ್ಯಪಿಗೆ ತಿಂಗಳು ತಿಂಗಳು ದುಡ್ಡು ಕಟ್ಟಿ ಹಾಡು ಕೇಳುವವರನ್ನು ಕಂಡರೆ ‘ಪಾಪ, ಬುದ್ಧಿ ಕಮ್ಮಿ’ ಎಂದು ಅವರದೇ ದನಿಯಲ್ಲಿ ಅಣಕಿಸುತ್ತಿದ್ದವನು.

ಅವತ್ತು ನನ್ನ ಪೆನ್‌ಡ್ರೈವಿನಲ್ಲಿ ಹಳೆ ಚಿತ್ರಗೀತೆಗಳ ನಡುವೆ ಒಂದೇ ಒಂದು ಸ್ವಂತದ ಮಾಲಿತ್ತು. ಅಂಗಡಿಯಣ್ಣ ಅದನ್ನೂ ಬಾಚಿಕೊಂಡ.

ಆ ಮಾಲಿನ ಕತೆ ಹೇಳಬೇಕು. ನಾನು ಹಾಸನದ ಒಂದು ಆರ್ಕೆಸ್ಟ್ರಾದಲ್ಲಿ ಮಿಮಿಕ್ರಿ ಮಾಡುತ್ತೇನೆ. ಗಾಯಕರು ನೀರು ಕುಡಿಯಲು ಹೋದಾಗ ಸಭೆ ಎದ್ದುಹೋಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ನನಗೆ ಹಾಡಲು ಬರುವುದಿಲ್ಲ, ಮುಖವೂ ಅಷ್ಟಕ್ಕಷ್ಟೆ, ಆದರೆ ಗಂಟಲೊಳಗೆ ಒಂದು ಸಂತೆಯೇ ಇದೆ. ಒಂದು ಸಲ ನುಗ್ಗೇಹಳ್ಳಿಯಿಂದ ನನ್ನ ಸೋದರತ್ತೆಯ ಜೊತೆ ಬಸ್ಸಿನಲ್ಲಿ ಬರುತ್ತಿದ್ದೆ. ಅತ್ತೆಯ ಕಂಕುಳಲ್ಲಿ ಒಂದು ಕೆಂಪು ಹುಂಜ. ಕಂಡಕ್ಟರು ಬಂದು, “ಹುಂಜಕ್ಕೂ ಟಿಕೆಟ್ ಆಗ್ತದೆ ಕಣಮ್ಮ” ಅಂದ.

ಅತ್ತೆ ಜಗಳಕ್ಕೆ ಬೀಳಲಿಲ್ಲ. “ಕೊಡಪ್ಪ, ಕಾನೂನು ಅಂದ್ರೆ ಕಾನೂನು” ಎಂದು ಟಿಕೆಟ್ ತೆಗೆದುಕೊಂಡಳು. ಮಡಿಚಿ ಹುಂಜದ ರೆಕ್ಕೆಯೊಳಗೆ ಸಿಕ್ಕಿಸಿದಳು. ಆಮೇಲೆ ಕಿಟಕಿ ಪಕ್ಕ ಕೂತಿದ್ದ ದಪ್ಪ ಮನುಷ್ಯನ ಕಡೆ ತಿರುಗಿ, “ಸ್ವಲ್ಪ ಏಳಿ ಸಾ. ಟಿಕೆಟ್ ತಗಂಡೋನು ನಿಂತ್ಕಂಡು ಬತ್ತಾನಾ? ಇವ್ನು ಕಿಟ್ಕಿ ತಾವೇ ಕೂರೋದು, ಇಲ್ದಿದ್ರೆ ಇವ್ನಿಗೆ ವಾಂತಿ ಆಯ್ತದೆ” ಅಂದಳು. ಕಂಡಕ್ಟರು ನಡುವೆ ಬಾಯಿ ಹಾಕಿದ. ಅತ್ತೆ, “ನೀನ್ ಸುಮ್ಕಿರಪ್ಪ, ಪ್ಯಾಸೆಂಜರ್ ಪ್ಯಾಸೆಂಜರ್ ಮಾತಾಡ್ತಾವ್ರೆ” ಅಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ಆ ಮನುಷ್ಯ ನಿಜವಾಗಿಯೂ ಎದ್ದ. ಹುಂಜ ಚನ್ನರಾಯಪಟ್ಟಣದವರೆಗೂ ಕಿಟಕಿ ಪಕ್ಕ ಕೂತು ತೆಂಗಿನ ತೋಟಗಳನ್ನು ನೋಡಿಕೊಂಡು ಬಂತು.

ನಾನು ಇದನ್ನು ‘ಹುಂಜದ ಟಿಕೆಟ್ಟು’ ಎಂಬ ಹಾಡು ಮಾಡಿದೆ. ನಡುನಡುವೆ ಅತ್ತೆಯ ದನಿ, ಕಂಡಕ್ಟರ ಸೀಟಿ, ಇಂಜಿನ್ನಿನ ಕೆಮ್ಮು, ಹುಂಜದ ಕೂಗು. ಮೊಬೈಲಿನಲ್ಲೇ ರೆಕಾರ್ಡ್ ಮಾಡಿದ್ದು. ಆರ್ಕೆಸ್ಟ್ರಾ ನಡೆಸುವ ಕೀಬೋರ್ಡ್ ಮೇಷ್ಟರಿಗೆ ಅದರ ಸುಳಿವೂ ಕೊಟ್ಟಿರಲಿಲ್ಲ, ಹೊಳೆನರಸೀಪುರದ ಆರತಕ್ಷತೆಯೊಂದರಲ್ಲಿ ನೇರವಾಗಿ ಮಾಡಿ ಬೆಚ್ಚಿಬೀಳಿಸುವ ಆಸೆ. ಅತ್ತೆಗೂ ಕೇಳಿಸಿರಲಿಲ್ಲ. ಅವಳಿಗೆ ಕೇಳಿಸಬೇಕೆಂದು ಹೊಳೆಯಲೇ ಇಲ್ಲ.

ಹೊಳೆನರಸೀಪುರದ ಕಲ್ಯಾಣ ಮಂಟಪದಲ್ಲಿ ಆ ದಿನ ಬಂತು. ಮೈಕು ಹಿಡಿದು ಬಸ್ಸು ಸ್ಟಾರ್ಟ್ ಮಾಡಿದೆ. ಮೊದಲ ಸಾಲಿನಲ್ಲಿ ಕೂತಿದ್ದವರು ನಕ್ಕರು. ಆದರೆ ಆ ನಗು ನನಗಿಂತ ಒಂದು ಹೆಜ್ಜೆ ಮುಂದಿತ್ತು. ನಾನು ‘ಟಿಕೆಟ್ ತಗಂಡೋನು’ ಅನ್ನುವಷ್ಟರಲ್ಲಿ ಊಟದ ಪಂಕ್ತಿಯ ಕಡೆಯಿಂದ ಹತ್ತಾರು ಜನ ‘ನಿಂತ್ಕಂಡು ಬತ್ತಾನಾ’ ಎಂದು ಮುಗಿಸಿಬಿಟ್ಟರು. ನನಗೆ ಏನೂ ಅರ್ಥವಾಗಲಿಲ್ಲ. ಯಾರೋ ಕೂಗಿದರು:

“ಲೇ, ಇದು ಟ್ರ್ಯಾಕ್ಟರ್ ಸಾಂಗ್ ಕಣ್ಲಾ! ನಮ್ ಪೆನ್‌ಡ್ರೈವಲ್ಲೇ ಐತೆ. ಕದ್ದು ಮಾಡ್ತಾವ್ನೆ, ನಾಚ್ಕೆ ಇಲ್ದೋನು!”

ಅಂಥ ಮಾತಿಗೆ ತಕ್ಷಣ ತಿರುಗೇಟು ಕೊಡುವುದೇ ನನ್ನ ಹೊಟ್ಟೆಪಾಡು. ಅವತ್ತು ಬಾಯಿ ತೆರೆದರೆ ಬಂದದ್ದು ಹುಂಜದ ದನಿ ಮಾತ್ರ. ಅದೂ ಕುಯ್ಯುವಾಗಿನದು.

ವೇದಿಕೆಯ ಹಿಂದೆ ಮೇಷ್ಟ್ರು ಯಾರದೋ ಮೊಬೈಲಿನಲ್ಲಿ ಆ ‘ಟ್ರ್ಯಾಕ್ಟರ್ ಸಾಂಗ್’ ಹಾಕಿಸಿಕೊಂಡು ಕೇಳಿದರು. ಹಾಡು ನನ್ನದೇ. ಆದರೆ ಶುರುವಿನಲ್ಲೇ ಮೂಗಿನಲ್ಲಿ ಮಾತಾಡುವ ಒಂದು ದನಿ ಸೇರಿಕೊಂಡಿತ್ತು: “ಈ ಸಾಂಗು ನಿಮಗಾಗಿ ರೆಡಿ ಮಾಡಿದವರು, ಚನ್ರಾಯಪಟ್ಣ ಬಸ್ ಸ್ಟ್ಯಾಂಡ್ ಎದುರು. ನೀವ್ ತಲೆ ಕೆಡಿಸ್ಕಬೇಡಿ ಸಾ!” ಅಡಿಕೆ ಚೂರನ್ನು ದವಡೆಗೆ ಒತ್ತಿಕೊಂಡ ಆ ದನಿಯನ್ನು ನಾನು ನಿದ್ದೆಯಲ್ಲೂ ಗುರುತಿಸಬಲ್ಲೆ. ಅಂಗಡಿಯಣ್ಣ ನನ್ನ ಹುಂಜಕ್ಕೆ ತನ್ನ ಮುದ್ರೆ ಒತ್ತಿ ಊರಿಗೆಲ್ಲ ಹಂಚಿದ್ದ.

“ಅದು ನಂದೇ ಮೇಷ್ಟ್ರೇ.”

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ಇರಬಹುದಪ್ಪಾ. ಆದ್ರೆ ನಾಳೆ ಇನ್ನೊಂದ್ ಕಡೆ ಹೋದಾಗ ನಮ್ಮ ಇಡೀ ಟೀಮನ್ನೇ ಕಳ್ಳರು ಅಂತಾರೆ. ನಿಂದೇ ಅಂತ ಜನದ ಮುಂದೆ ತೋರ್ಸು. ಅಲ್ಲಿವರೆಗೂ ಮೈಕ್ ಮುಟ್ಬೇಡ.”

ಮೈಕು ಮುಟ್ಟದ ಮಿಮಿಕ್ರಿಯವನೆಂದರೆ ಬಸ್ಸಿಲ್ಲದ ಕಂಡಕ್ಟರು. ಸೀಟಿ ಊದಬಹುದು, ಯಾರೂ ಹತ್ತುವುದಿಲ್ಲ.

ಅವತ್ತಿನಿಂದ ನನ್ನ ತಲೆಯಲ್ಲಿ ಸೇಡು ಬಿಟ್ಟರೆ ಬೇರೇನೂ ಇರಲಿಲ್ಲ. ಹಲ್ಲುಜ್ಜುವಾಗ ಅಂಗಡಿಯಣ್ಣನ ಹಲ್ಲುದುರಿಸುತ್ತಿದ್ದೆ. ಮುದ್ದೆ ಮುರಿಯುವಾಗ ಅವನ ಕತ್ತು ಮುರಿಯುತ್ತಿದ್ದೆ. ಅವ್ವ, “ಯಾಕ್ಲಾ ಮುದ್ದೆನ ಅಂಗ್ ಇಸುಕ್ತೀಯಾ, ಅದೇನ್ ಮಾಡ್ತು ನಿಂಗೆ?” ಎಂದು ಕೇಳುತ್ತಿದ್ದಳು. ಪೊಲೀಸರು ಅವನ ಕಂಪ್ಯೂಟರನ್ನು ಹೊತ್ತುಕೊಂಡು ಹೋಗುವುದು, ಅವನು ಹಿಂದೆ ಹಿಂದೆ ‘ಸಾ, ಸಾ’ ಎನ್ನುತ್ತ ಓಡುವುದು, ನಾನು ಎದುರಿನ ಕಟ್ಟೆಯ ಮೇಲೆ ಕೂತು ಕಡಲೇಕಾಯಿ ತಿನ್ನುವುದು, ಎಲ್ಲವನ್ನೂ ಆಯಾ ದನಿಯಲ್ಲೇ ಆಡಿ ನೋಡುತ್ತಿದ್ದೆ.

ಆದರೆ ಪೊಲೀಸರ ಹತ್ತಿರ ಹೋಗುವ ಮುಂಚೆ, ಅವನು ಮಾಡಿದ್ದು ಯಾವ ತಪ್ಪು ಎಂಬುದಾದರೂ ಗೊತ್ತಿರಬೇಕಲ್ಲ. ಹಾಡು ಇಳಿಸಿಕೊಳ್ಳುವ ಜಾಗಗಳನ್ನೆಲ್ಲ ಒಂದೊಂದಾಗಿ ಹೊಕ್ಕು ನೋಡಲು ಕೂತೆ. ಪರೀಕ್ಷೆಗೂ ಅಷ್ಟು ಓದಿದವನಲ್ಲ. ದ್ವೇಷ ಒಳ್ಳೆಯ ಟ್ಯೂಷನ್ ಮೇಷ್ಟ್ರು.

ಮೊದಲು ಹೊಕ್ಕಿದ್ದು ಬಿಟ್ಟಿ ಸೈಟು. ಅದರದ್ದು ಬಸ್ ಸ್ಟ್ಯಾಂಡಿನಲ್ಲಿ ಕೈ ಹಿಡಿದೆಳೆಯುವ ಲಾಡ್ಜಿನವನ ದನಿ. ‘ಬನ್ನಿ ಬನ್ನಿ, ಡೌನ್‌ಲೋಡ್ ಇಲ್ಲೇ’ ಎಂದು ಹಸಿರು ಗುಂಡಿ ಕರೆಯುತ್ತದೆ. ಒತ್ತಿದರೆ ರಮ್ಮಿ ಆಟ ತೆರೆದುಕೊಳ್ಳುತ್ತದೆ. ಇನ್ನೊಂದನ್ನು ಒತ್ತಿದರೆ ನಿಮ್ಮ ಮೊಬೈಲಿಗೆ ಹದಿನಾರು ವೈರಸ್ ಬಂದಿದೆ ಎಂದು ಹೆದರಿಸುತ್ತದೆ. ಕೊನೆಗೆ ಹಾಡು ಸಿಕ್ಕರೆ ಅದರ ಪಲ್ಲವಿಯ ಮೇಲೆ ಸೈಟಿನ ಹೆಸರು ಕೂಗುತ್ತಿರುತ್ತದೆ. ಹಾಡಿದವರನ್ನು, ಬರೆದವರನ್ನು ಯಾರೂ ಒಂದು ಮಾತು ಕೇಳಿಲ್ಲ. ಇದು ಕಾನೂನಿಗೆ ವಿರುದ್ಧ ಎಂದು ಅವರಿಗೂ ಗೊತ್ತು, ಅದಕ್ಕೇ ಸೈಟಿನ ತಳದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದಿತ್ತು, ‘ಕೇವಲ ಕೇಳಿ ನೋಡಲು, ಇಷ್ಟವಾದರೆ ಕೊಳ್ಳಿ’ ಅಂತ. ಕದ್ದ ಕೋಳಿಯ ಸಾರು ಬಡಿಸಿ, ರುಚಿಯಾದರೆ ಕೋಳಿಯವನಿಗೆ ದುಡ್ಡು ಕೊಡಿ ಎಂದ ಹಾಗೆ.

ಮೆಸೇಜಿನ ಗುಂಪುಗಳು ಇನ್ನೊಂದು ಬಗೆ. ಅಲ್ಲಿ ಎಲ್ಲರೂ ಮರ್ಯಾದಸ್ಥರು. ‘ಸರ್ ಈ ಹಾಡು ಇದ್ದರೆ ಕಳಿಸಿ’, ‘ಧನ್ಯವಾದ ಸರ್’, ಕೈ ಮುಗಿದ ಚಿತ್ರ. ಕಳ್ಳತನ ಅದೇ, ನಮಸ್ಕಾರ ಮಾತ್ರ ಹೆಚ್ಚು. ವಿಡಿಯೊದಿಂದ ದನಿಯನ್ನಷ್ಟೇ ಸುಲಿದು ಕೊಡುವ ಯಂತ್ರಗಳೂ ಇವೆ. ಸುಲಿಯಬಾರದು ಎಂದು ವಿಡಿಯೊದವರ ನಿಯಮದಲ್ಲೇ ಇದೆ. ಆದರೆ ತೆಂಗಿನಕಾಯಿ ಸುಲಿಯುವ ಊರಲ್ಲಿ ಹುಟ್ಟಿದವರಿಗೆ ಸುಲಿಯುವುದನ್ನು ಕಂಡರೆ ತಪ್ಪು ಎನಿಸುವುದೇ ಇಲ್ಲ.

ಆಮೇಲೆ ಸಾಚಾ ಜನರ ಕಡೆ ಹೋದೆ. ತಿಂಗಳಿಗಿಷ್ಟು ಕಟ್ಟಿ ಕೇಳುವ ಆ್ಯಪಿನ ಮಾತೆಲ್ಲ ಬಾಡಿಗೆ ಮನೆ ಓನರಿನದು. ‘ಇಳಿಸ್ಕೊಳ್ಳಿ, ನಿಮ್ಮನೆ ಇದ್ದಂಗೆ. ಆದ್ರೆ ಗೋಡೆಗೆ ಮೊಳೆ ಹೊಡೀಬೇಡಿ.’ ಇಳಿಸಿಕೊಂಡ ಹಾಡು ಆ ಆ್ಯಪಿನೊಳಗೇ ಇರುತ್ತದೆ, ಪೆನ್‌ಡ್ರೈವಿಗೆ ಹೊರಟರೆ ಬಾಗಿಲಲ್ಲೇ ತಡೆಯುತ್ತಾರೆ. ಕಟ್ಟುವುದು ನಿಲ್ಲಿಸಿದಿರೋ, ಸಾಮಾನು ಹೊರಗೆ. ಜಾಹೀರಾತು ಕೇಳಿಸಿ ಪುಕ್ಕಟೆ ಹಾಡು ಕೊಡುವವರೂ ಇದ್ದಾರೆ, ಅದೂ ನ್ಯಾಯದ್ದೇ. ಮದುವೆ ಮನೆಯಲ್ಲಿ ಬೀಗರ ಭಾಷಣ ಕೇಳಿಸಿಕೊಂಡರೆ ಹೋಳಿಗೆ ಸಿಗುವ ಹಾಗೆ. ಬಿಡಿ ಹಾಡನ್ನು ಕೊಂಡುಕೊಳ್ಳುವ ಅಂಗಡಿಗಳು ಈಗ ಕಡಿಮೆ. ಅಲ್ಲಿ ಕೊಂಡದ್ದು ಸಾಯುವವರೆಗೂ ನಿಮ್ಮ ಹತ್ತಿರವೇ ಇರುತ್ತದೆ, ಆದರೆ ಅದನ್ನು ನಕಲು ಮಾಡಿ ಬೀದಿಗೆ ಹಂಚುವ ಹಕ್ಕು ನಿಮಗೆ ಬರುವುದಿಲ್ಲ. ಎಲ್ಲರಿಗಿಂತ ಹೆಚ್ಚು ಆಶ್ಚರ್ಯ ತಂದವರು ಇನ್ನೊಂದು ಜಾತಿಯವರು. ತಾವೇ ಮಾಡಿದ ಸಂಗೀತವನ್ನು ತಾವೇ ಇಟ್ಟು, ‘ತಗೊಂಡು ಹೋಗಿ, ನನ್ನ ಹೆಸರೊಂದು ಹೇಳಿ ಸಾಕು’ ಅನ್ನುವವರು. ಅಷ್ಟು ಹೊತ್ತು ಅಣಕಿಸಿಕೊಂಡು ಬಂದಿದ್ದ ನನಗೆ ಇವರ ದನಿ ಮಾತ್ರ ಹಿಡಿಯಲು ಬರಲಿಲ್ಲ. ನಮ್ಮ ಕಡೆ ಅಂಥವರನ್ನು ಕಂಡಿರಲಿಲ್ಲವೋ ಏನೋ.

ಇಷ್ಟೆಲ್ಲ ಓದಿದ ಮೇಲೆ ಅಂಗಡಿಯಣ್ಣ ಎಲ್ಲಿ ನಿಲ್ಲುತ್ತಾನೆಂದು ಗೊತ್ತಾಯಿತು. ಬಿಟ್ಟಿ ಸೈಟಿನವನಿಗಿಂತ ಒಂದು ಮೆಟ್ಟಿಲು ಕೆಳಗೆ. ಅವರು ಬಿಟ್ಟಿ ಕೊಡುತ್ತಾರೆ, ಇವನು ಮಾರುತ್ತಾನೆ. ನನ್ನ ಬಾಯಲ್ಲಿ ನೀರೂರಿತು.

ಅಷ್ಟರಲ್ಲಿ ಅಂಥದ್ದೇ ಒಂದು ಬಿಟ್ಟಿ ಸೈಟಿನಲ್ಲಿ ನನ್ನ ‘ಹುಂಜದ ಟಿಕೆಟ್ಟು’ ಕಣ್ಣಿಗೆ ಬಿತ್ತು, ಅಂಗಡಿಯಣ್ಣನ ಮುದ್ರೆ ಸಮೇತ. ಮೊದಲ ಕಲ್ಲು ಇಲ್ಲೇ ಬೀಸೋಣ ಎಂದು ದೂರು ಕೊಡುವ ಪುಟ ಹುಡುಕಿ ತೆಗೆದೆ. ಇದು ನನ್ನದು, ಕಿತ್ತುಹಾಕಿ, ಹಾಕಿದವನನ್ನು ನೇಣಿಗೆ ಹಾಕಿ ಎಂಬಷ್ಟು ಆವೇಶದಲ್ಲಿ ಬರೆದೆ. ಕೊನೆಯಲ್ಲಿ ಒಂದು ಸಣ್ಣ ಚೌಕ. ಅದಕ್ಕೆ ಗುರುತು ಹಾಕಿದರೆ ಮಾತ್ರ ದೂರು ಮುಂದೆ ಹೋಗುತ್ತದೆ. ‘ಇದರಲ್ಲಿರುವ ಪ್ರತಿಯೊಂದು ಶಬ್ದವೂ ನನ್ನದು, ಅಥವಾ ಒಡೆಯರ ಅನುಮತಿ ಪಡೆದದ್ದು ಎಂದು ಪ್ರಮಾಣ ಮಾಡುತ್ತೇನೆ.’

ಗುರುತು ಹಾಕಲು ಹೋದ ಬೆರಳು ಅಲ್ಲೇ ನಿಂತಿತು. ಹಾಡಿನಲ್ಲಿ ಹುಂಜ ಕಿಟಕಿ ಪಕ್ಕ ಕೂತ ಮೇಲೆ ಹಿಂದೆ ಒಂದು ತಮಟೆಯ ತಾಳ ಬರುತ್ತದೆ, ಜನ ಕುಣಿಯುವುದೇ ಅದಕ್ಕೆ. ಅದನ್ನು ನಾನು ಒಂದು ಸಿನಿಮಾ ಹಾಡಿನ ವಿಡಿಯೊದಿಂದ ಸುಲಿದುಕೊಂಡಿದ್ದೆ.

ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಬಂದದ್ದು ಇನ್ನಷ್ಟು ಸಿಟ್ಟು. ಇವನ ದೆಸೆಯಿಂದ ನಾನು ಪ್ರಾಮಾಣಿಕನಾಗಬೇಕಾಯಿತಲ್ಲ ಎಂಬ ಸಿಟ್ಟು. ಬಾಗಿಲು ಹಾಕಿಕೊಂಡು ಇಡೀ ಹಾಡನ್ನು ಮತ್ತೆ ಮಾಡಿದೆ. ತಮಟೆ ಬಾಯಲ್ಲಿ, ಇಂಜಿನ್ ಗಂಟಲಲ್ಲಿ, ಸೀಟಿ ಹಲ್ಲಿನ ಸಂದಿಯಲ್ಲಿ. ಒಂದು ಚೂರೂ ಹೊರಗಿನದಿಲ್ಲ. ಮುಗಿದಾಗ ತುಟಿ ಊದಿಕೊಂಡು ಹುಂಜದ ಜುಟ್ಟಿನಂತಾಗಿತ್ತು. ‘ಈಗ ಪ್ರತಿ ಶಬ್ದವೂ ನನ್ನದೇ’ ಎಂದು ಎದೆ ತಟ್ಟಿಕೊಂಡೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ನಾನಂತೂ ಮರೆಯುವಂತಿಲ್ಲ.

ಹಳೆಯದನ್ನು ಕಿತ್ತುಹಾಕಿಸಲು ಪ್ರಮಾಣ ಮಾಡುವಂತಿರಲಿಲ್ಲ. ಆದ್ದರಿಂದ ಕಾನೂನಿನ ಬಾಗಿಲು ಬಿಟ್ಟು ಹಿತ್ತಲ ಬಾಗಿಲಿಗೆ ಬಂದೆ. ಅಂಗಡಿಯಣ್ಣ ಬಂದ ಮಾಲನ್ನೆಲ್ಲ ಬಾಚಿಕೊಳ್ಳುತ್ತಾನೆ, ಆದರೆ ಕೇಳುವುದಿಲ್ಲ. ಅಷ್ಟು ಹಾಡು ಕೇಳುತ್ತ ಕೂತರೆ ಗಾಜು ಅಂಟಿಸುವವರು ಯಾರು? ಅವನ ಕಸುಬಿನ ಈ ಸಂದಿಯೇ ನನಗೆ ಸಾಕಿತ್ತು.

ಒಂದು ಹೊಸ ಹಾಡು ಕಟ್ಟಿದೆ. ಎಲ್ಲ ಬಾಯಿಯದೇ. ಮೊದಲರ್ಧ ಒಳ್ಳೆ ಮಜಾ ಕುಣಿತ. ಸರಿಯಾಗಿ ನಡುವೆ ತಾಳ ನಿಲ್ಲುತ್ತದೆ, ಅಡಿಕೆ ಒತ್ತಿದ ಆ ಮೂಗಿನ ದನಿ ಬರುತ್ತದೆ: “ನೀವ್ ತಲೆ ಕೆಡಿಸ್ಕಬೇಡಿ ಸಾ. ಈ ಸಾಂಗು ಕದ್ದಿದ್ದು. ಇದ್ರ ಇಂದಿಂದೂ ಕದ್ದಿದ್ದು, ಮುಂದಿಂದೂ ಕದ್ದಿದ್ದೇ. ನಿಮ್ ಪೆನ್‌ಡ್ರೈವ್ ಕೊಡಿ, ನಿಮ್ದೂ ಕದ್ದು ಪಕ್ಕದೂರೋರಿಗೆ ಕೊಡ್ತೀನಿ. ಚನ್ರಾಯಪಟ್ಣ ಬಸ್ ಸ್ಟ್ಯಾಂಡ್ ಎದುರು, ಮರೀಬೇಡಿ!” ಆಮೇಲೆ ಮತ್ತೆ ಕುಣಿತ.

ತಲೆಗೆ ಹೆಲ್ಮೆಟ್ ಹಾಕಿಕೊಂಡೇ ಅಂಗಡಿಗೆ ಹೋದೆ. ಅರಕಲಗೂಡಿನ ಕಡೆಯ ಟ್ರ್ಯಾಕ್ಟರಿನವನ ದನಿ ತೆಗೆದು, “ಅಣೈ, ಶುಂಠಿ ಲೋಡ್ ಒಡೀತಿವಿ, ಒಸಿ ಜೋರಾಗಿರೋ ಸಾಂಗ್ ಆಕ್ಕೊಡಿ” ಅಂದೆ. ಪೆನ್‌ಡ್ರೈವ್ ಕೊಟ್ಟೆ. ಅವನು ತಲೆ ಎತ್ತಲೂ ಇಲ್ಲ. ಚುಚ್ಚಿದ, ಬಾಚಿದ, ತುಂಬಿದ. ಸುಮ್ಮನೆ ಪರೀಕ್ಷೆಗೆಂದು ಹೆಲ್ಮೆಟ್ ತೆಗೆದೆ. ಅವನು ಆಗ ನನ್ನ ಮುಖ ನೋಡಿ, “ಗಾಜು ಅಂಟಿಸ್ಬೇಕಾ ಸಾ?” ಅಂದ.

ಹಳೇ ಗಿರಾಕಿಯೆಂಬ ಗುರುತೂ ಇಲ್ಲ, ನನ್ನ ಹಾಡು ತಿಂದು ತೇಗಿದವನಿಗೆ ನಾನು ಯಾರೆಂದೇ ಗೊತ್ತಿರಲಿಲ್ಲ. ಹೊಟ್ಟೆಯೊಳಗೆ ಉಳಿದಿದ್ದ ಒಂದಿಷ್ಟು ಕನಿಕರವೂ ಅಲ್ಲೇ ಸುಟ್ಟುಹೋಯಿತು.

ಮುಂದಿನ ದಿನಗಳು ನನ್ನ ಬಾಳಿನ ಸುವರ್ಣ ಕಾಲ. ಬೂವನಹಳ್ಳಿಯ ಹತ್ತಿರ ಟೀ ಕುಡಿಯುತ್ತಿದ್ದಾಗ ದಾಟಿ ಹೋದ ಗೂಡ್ಸ್ ಆಟೊದಿಂದ ‘ಇಂದಿಂದೂ ಕದ್ದಿದ್ದು’ ಎಂದು ಕೇಳಿದಾಗ ಟೀ ಮೂಗಿಗೇರಿತು. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ಮಿನಿ ಬಸ್ಸನ್ನು ಬೇಕೆಂದೇ ಹತ್ತಿದೆ, ಅಲ್ಲಿ ಕೆಲಸವೇನೂ ಇರಲಿಲ್ಲ. ಆ ಮೂಗಿನ ದನಿ ಬಂದ ಕೂಡಲೇ ಇಡೀ ಬಸ್ಸು ಒಟ್ಟಾಗಿ ‘ಮುಂದಿಂದೂ ಕದ್ದಿದ್ದೇ!’ ಎಂದು ಕೂಗಿತು. ಡ್ರೈವರು ತಾಳಕ್ಕೆ ತಕ್ಕಂತೆ ಹಾರನ್ ಹೊಡೆದ. ಅರಕಲಗೂಡಿನಲ್ಲಿ ಇಳಿದು, ಒಂದು ಮಸಾಲೆ ದೋಸೆ ತಿಂದು, ಅದೇ ಬಸ್ಸಿನಲ್ಲಿ ವಾಪಸು ಬಂದೆ, ಇನ್ನೊಮ್ಮೆ ಕೇಳಲು.

ಅಲ್ಲಿಗೆ ಸುಮ್ಮನಿರಬೇಕಿತ್ತು. ಆದರೆ ತಾನು ಕೊಟ್ಟ ಪೆಟ್ಟು ಎಂದು ಎದುರಾಳಿಗೆ ತಿಳಿಯದಿದ್ದರೆ ಸೇಡಿಗೆ ಉಪ್ಪೇ ಇರುವುದಿಲ್ಲ. ಅಂಗಡಿಯಣ್ಣನಿಗೆ ಫೋನು ಹಚ್ಚಿ, ಅವನದೇ ದನಿಯಲ್ಲಿ, “ಅಲೋ, ಯಾರು? ನಾನಾ? ನಾನು ನೀನೇ ಕಣಪ್ಪ ಮಾತಾಡ್ತಿರೋದು. ತಲೆ ಕೆಡಿಸ್ಕಬೇಡ ಸಾ” ಅಂದೆ.

ಆ ಕಡೆ ಅಡಿಕೆ ಉಗಿದ ಸದ್ದು. ಆಮೇಲೆ ತಣ್ಣಗೆ, “ನಂಬರ್ ಬಿದ್ದೈತೆ ಕಣಯ್ಯ. ನೀನೇ ಬತ್ತೀಯೋ, ನಾನೇ ಬರ್ಲೋ?” ಅಂದ.

ದನಿ ಬದಲಿಸುವ ಭರದಲ್ಲಿ ನಂಬರ್ ಬದಲಿಸುವುದು ಮರೆತಿದ್ದೆ. ಆದರೂ ಹೆದರಲಿಲ್ಲ. ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಗಿಂತ ಹೆಚ್ಚು ಜನ ಸೇರುವ ವೇದಿಕೆ ಇನ್ನೆಲ್ಲಿ ಸಿಗುತ್ತದೆ? ಮೇಷ್ಟ್ರಿಗೆ, “ಜನದ ಮುಂದೆ ತೋರ್ಸು ಅಂದ್ರಲ್ಲ, ಬನ್ನಿ” ಎಂದು ಹೇಳಿ ಹಾಸನದಿಂದ ಕರೆಸಿದೆ. ಅದೂ ಸಾಲದೆಂದು ಅತ್ತೆಗೂ ಬರಲು ಹೇಳಿದೆ. ದನಿಯ ಒಡತಿಯೇ ಬಂದು ‘ಇದು ನಮ್ ಹುಡ್ಗ ಮಾಡಿದ್ದು’ ಎಂದು ಸಾಕ್ಷಿ ಹೇಳಿಬಿಟ್ಟರೆ ಅಂಗಡಿಯಣ್ಣನ ಕತೆ ಮುಗಿಯಿತು. ಇದು ನನ್ನ ಕೊನೆಯ ಬಾಣ.

ಅತ್ತೆ ನುಗ್ಗೇಹಳ್ಳಿ ಬಸ್ಸಿನಿಂದ ಇಳಿದವಳೇ ಕೇಳಿದ್ದು ಒಂದೇ ಮಾತು. “ಅಲ್ಲ ಕಣ್ಲಾ ಮಗ, ಊರ್ ಐಕ್ಳು ನನ್ ಕಂಡ್ರೆ ಕೊಕ್ಕೊಕ್ಕೋ ಅಂತ ಕೂಗ್ತವೆ. ನೀರ್ ತರಕ್ ಓದ್ರೂ ಕೊಕ್ಕೋ, ಡೈರಿಗೆ ಆಲು ಆಕಕ್ ಓದ್ರೂ ಕೊಕ್ಕೋ. ಯಾಕ್ಲಾ?”

“ಆಮೇಲ್ ಹೇಳ್ತೀನಿ ಬಾ ಅತ್ತೆ. ನೀನು ಅಲ್ಲಿ ನಿಂತ್ಕೊ. ನಾನು ಕೇಳ್ದಾಗ, ನಮ್ ಹುಡ್ಗ ಮಾಡಿದ್ದು ಅನ್ನು. ಅಷ್ಟೇ.”

“ಏನ್ ಮಾಡಿದ್ದು?”

“ಅನ್ನು ಅಷ್ಟೇ ಅತ್ತೆ!”

ಅಂಗಡಿಯ ಮುಂದೆ ಆಗಲೇ ಹತ್ತು ಹದಿನೈದು ಜನ. ಅಂಗಡಿಯಣ್ಣ ಕೌಂಟರಿನ ಹಿಂದೆ ಕೈ ಕಟ್ಟಿ ಕೂತಿದ್ದ. ‘ಹುಂಜದ ಹಾಡು ನಂದು, ನನ್ ಪೆನ್‌ಡ್ರೈವಿಂದ ಕದ್ದಿದ್ದೀಯ’ ಎಂದೆ. “ನೀನ್ ಯಾರು ಅಂತ್ಲೇ ನಂಗೊತ್ತಿಲ್ಲ ಕಣಯ್ಯ. ನಿಂದು ಅನ್ನಕ್ಕೆ ಏನೈತೆ ಪ್ರೂಫು? ಪೆನ್‌ಡ್ರೈವಲ್ಲಿ ಇದ್ದಿದ್ದೆಲ್ಲ ನಿಂದೇನಾ? ಅದ್ರಲ್ಲಿ ಸಿನ್ಮಾ ಸಾಂಗೂ ಇದ್ವು. ಅವ್ನೂ ನೀನೇ ಆಡಿದ್ದಾ?”

ಇದಕ್ಕೇ ಕಾಯುತ್ತಿದ್ದೆ. ಮೈಕಿಲ್ಲ, ಮೊಬೈಲಿಲ್ಲ. ಅಲ್ಲೇ ರಸ್ತೆಯಲ್ಲಿ ನಿಂತು ಬಸ್ಸು ಸ್ಟಾರ್ಟ್ ಮಾಡಿದೆ. ಗೇರು ಬಿತ್ತು, ಸೀಟಿ ಮೊಳಗಿತು, ಹುಂಜ ಕೂಗಿತು, ಕಂಡಕ್ಟರು ಬಂದ, ಅತ್ತೆ ಮಾತಾಡಿದಳು, ದಪ್ಪ ಮನುಷ್ಯ ಎದ್ದ. ತಮಟೆಯನ್ನೂ ಬಾಯಲ್ಲೇ ಬಾರಿಸಿದೆ. ನಿಜವಾದ ಬಸ್ಸೊಂದು ನಮ್ಮ ಹಿಂದೆ ಹಾರನ್ ಹೊಡೆದರೆ ಜನ ಅದೂ ನಾನೇ ಎಂದುಕೊಂಡು ಚಪ್ಪಾಳೆ ಹೊಡೆದರು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. “ಇದು ಇವನದೇ. ನಕಲು ಮಾಡುವವನಿಗೆ ಉಸಿರು ಎಲ್ಲಿ ತೆಗೀಬೇಕು ಅನ್ನೋದು ಗೊತ್ತಿರಲ್ಲ. ಬಾರಯ್ಯ, ಮುಂದಿನ ಪ್ರೋಗ್ರಾಮಿಗೆ ನೀನೇ ಮೊದಲು” ಅಂದರು.

ಅಂಗಡಿಯಣ್ಣ ಕುತ್ತಿಗೆ ತುರಿಸಿಕೊಂಡ. “ಆಯ್ತು ಬುಡಪ್ಪ, ನಿಂದೇ. ಅಳಿಸಾಕ್ತೀನಿ. ಆದ್ರೆ ನನ್ ಗಂಟ್ಲ ನೀನ್ ಊರೆಲ್ಲ ಮೆರೆಸ್ದಲ್ಲ, ಅದುನ್ನ ಯಾರನ್ ಕೇಳಿ ತಗಂಡೆ?”

“ಗಂಟ್ಲಿಗೇನು ಹಕ್ಕು ಇರ್ತದಾ? ನಾನು ಕಟ್ಟಿದ್ದು ಹಾಡು. ಅದು ಬೇರೆ, ಇದು ಬೇರೆ” ಎಂದು ವಕೀಲರ ದನಿಯಲ್ಲಿ ಅಂದೆ. ಗೆದ್ದವನಿಗೆ ಎಲ್ಲ ದನಿಯೂ ಒಪ್ಪುತ್ತದೆ. ಅಷ್ಟಕ್ಕೇ ಬಿಡಲಿಲ್ಲ. “ಎಲ್ರ ಮುಂದೆ, ನಿನ್ನ ಬಾಯಲ್ಲೇ, ‘ನಾನು ಕಳ್ಳ’ ಅನ್ನು. ತಲೆ ಕೆಡಿಸ್ಕಬೇಡ, ಒಂದ್ಸಲ ಅಂದ್ರೆ ಸಾಕು” ಎಂದು ಅವನ ದನಿಯಲ್ಲೇ ಚುಚ್ಚಿದೆ. ಅವನ ಮುಖ ಕಪ್ಪಿಟ್ಟಿತು. ನಾನು ಎಷ್ಟೋ ದಿನದಿಂದ ಮುದ್ದೆ ಹಿಸುಕುತ್ತ ಕಂಡ ಕನಸು ಕಣ್ಣೆದುರಿಗಿತ್ತು. ಇನ್ನು ಕೊನೆಯ ಮೊಳೆ ಮಾತ್ರ ಬಾಕಿ.

ಜನದ ಅಂಚಿನಲ್ಲಿ ನಿಂತಿದ್ದ ಅತ್ತೆಯ ಕಡೆ ತಿರುಗಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ನಗುತ್ತಿದ್ದಾಳೆ ಅಂದುಕೊಂಡೆ. “ಹೇಳತ್ತೆ, ಈ ಹುಂಜದ ಮಾತೆಲ್ಲ ಯಾರ್ದು? ಎಲ್ರಿಗೂ ಕೇಳೋ ಹಂಗೆ ಹೇಳು.”

ಅತ್ತೆ ಸೆರಗು ಇಳಿಸಿದಳು. ನಗುತ್ತಿರಲಿಲ್ಲ. “ಓ, ಇದಕ್ಕಾ ಐಕ್ಳು ಕೊಕ್ಕೋ ಅಂತಿದ್ದಿದ್ದು” ಅಂದಳು. ಆಮೇಲೆ ಅಂಗಡಿಯಣ್ಣನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಬಸ್ಸಿನಲ್ಲಿ ಕಂಡಕ್ಟರಿಗೆ ಹೇಳಿದ ಅದೇ ನಿಧಾನದ ದನಿಯಲ್ಲಿ ಹೇಳಿದಳು:

“ಅವ್ನು ಕದ್ದಿದ್ದು ನಿನ್ ಪೆನ್‌ಡ್ರೈವಿಂದ, ನೀನ್ ಕದ್ದಿದ್ದು ನನ್ ಬಾಯಿಂದ. ಅವ್ನಿಗೆ ನೀನ್ ಯಾರು ಅಂತ್ಲೇ ಗೊತ್ತಿರ್ನಿಲ್ಲ ಕಣ್ಲಾ. ನೀನು ನನ್ ಪಕ್ಕದ್ ಸೀಟಲ್ಲೇ ಕೂತಿದ್ದಲ್ಲ, ಒಂದ್ ಮಾತು ಕೇಳಕ್ಕೇನಾಗಿತ್ತು?”